ಸೋಲಾಪುರ ಎರಡು ಬೆರಳು

ಗುರುಶಾಂತ ಮಾಸ್ತರನಿಗೆ ಪಾಠ ಹೇಳಲು ಬರುತ್ತಿರಲಿಲ್ಲ ಎಂದು ಯಾರಾದರೂ ಅಂದರೆ ಅದು ಸುಳ್ಳು. ತೋರಣವಾಡಿಯ ಸಾಲಿಗೆ ಅವನಂತೆ ಭೂಗೋಳ ಕಲಿಸುವವನು ಹಿಂದೆ ಬಂದಿರಲಿಲ್ಲ. ಮೊದಲಿದ್ದವರು 'ನಕ್ಷೆ ಎಂದರೇನು' ಎಂಬುದಕ್ಕೆ ಉತ್ತರ ಬರೆಸಿ, ಬಾಯಿಪಾಠ ಮಾಡಿಸಿ, ತಪ್ಪಿದವರ ಅಂಗೈಗೆ ಬೆತ್ತದ ಏಟು ಕೊಟ್ಟು ನಿವೃತ್ತರಾಗಿದ್ದರು. ಗುರುಶಾಂತ ಹಾಗಲ್ಲ. ಐದನೆಯ ಇಯತ್ತೆಯ ಮಕ್ಕಳನ್ನು ಬೆಳಿಗ್ಗೆ ಅಂಗಳಕ್ಕೆ ಎಳೆದುತಂದು, ಸೂರ್ಯನ ಕಡೆ ಮುಖ ಮಾಡಿ ನಿಲ್ಲಿಸಿ, ಎಡಗೈ ಯಾವ ದಿಕ್ಕು, ಬಲಗೈ ಯಾವ ದಿಕ್ಕು, ಬೆನ್ನು ಯಾವ ದಿಕ್ಕು ಎಂದು ಊರಿಗೇ ಕೇಳುವಂತೆ ಕೂಗಿಸಿದ. ಆಮೇಲೆ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಊರು ಬರೆಸಿದ. ಹನುಮಪ್ಪನ ಗುಡಿ, ಸೇದುವ ಬಾವಿ, ನಾಲೆ, ಊರ ಪಕ್ಕದಲ್ಲೇ ಹಾಯ್ದ ಹೆದ್ದಾರಿ. ಹೆದ್ದಾರಿ ಹಿಡಿದು ಮೂಡಣಕ್ಕೆ ಹೋದರೆ ಹುಮನಾಬಾದ, ಪಡುವಣಕ್ಕೆ ಹೋದರೆ ಬಸವಕಲ್ಯಾಣದ ತಿರುವು.

ಅದೇ ನಕ್ಷೆಯನ್ನು ಮಕ್ಕಳು ಹಾಳೆಗೆ ಇಳಿಸುವಾಗ ಅಳತೆಯ ಪ್ರಶ್ನೆ ಬಂತು. ಸಾಲಿಯಲ್ಲಿ ಅಳತೆಪಟ್ಟಿ ಇದ್ದದ್ದು ಒಂದೇ, ಅದೂ ಹೆಡ್‌ಮಾಸ್ತರರ ಮೇಜಿನ ಖಾನೆಯಲ್ಲಿ. ಗುರುಶಾಂತ ತನ್ನ ತೋರುಬೆರಳನ್ನು ಹಾಳೆಯ ಮೇಲೆ ಅಡ್ಡ ಇಟ್ಟ.

"ನೋಡ್ರಿ, ಒಂದು ಬೆರಳು ಅಂದ್ರ ಒಂದು ಹರದಾರಿ. ಹುಮನಾಬಾದ ಎಷ್ಟು?"

"ಒಂದು ಬೆರಳ್ರಿ!"

"ಕಲ್ಯಾಣ?"

"ಐದು ಬೆರಳ್ರಿ!"

ಮೂರು ಮೈಲಿಯ ಹರದಾರಿ ಎಂದರೆ ಎಷ್ಟೆಂದು ಮಕ್ಕಳಿಗೆ ಕಾಲಿನಿಂದಲೇ ಗೊತ್ತಿತ್ತು. ಸಂತೆಗೆ ಹುಮನಾಬಾದಕ್ಕೆ ನಡೆದು ಹೋಗಿ ಬಂದ ಕಾಲುಗಳು ಅವು. ಪಾಠ ನೀರಿನಂತೆ ಇಳಿಯಿತು. ಮಕ್ಕಳು ಎಮ್ಮೆ ಕಾಯುವಾಗಲೂ ಹೊಲದ ಬದುವಿನ ಮೇಲೆ ಬೆರಳು ಇಡುತ್ತಿದ್ದರು.

ಆ ಹುರುಪಿನಲ್ಲೇ ಗುರುಶಾಂತ ಖಮರುದ್ದೀನನನ್ನು ಸಾಲಿಗೆ ಕರೆದ. ಹೆದ್ದಾರಿಯ ಹಳೆಯ ಪುಲ್ ಒಡೆದು ಹೊಸ ಸೇತುವೆ ಕಟ್ಟಲು ನಾಲೆಯ ದಂಡೆಯಲ್ಲಿ ತಂಬು ಹಾಕಿದ್ದರು. ಅಲ್ಲಿ ಅಳತೆ ಮಾಡುವವರ ಕೈಕೆಳಗೆ ಸರಪಳಿ ಎಳೆಯುವುದು, ಕೆಂಪು-ಬಿಳಿ ಬಣ್ಣದ ಉದ್ದ ಕೋಲು ಹಿಡಿದು ನಿಲ್ಲುವುದು ಖಮರುದ್ದೀನನ ಕೆಲಸ. ಹುಮನಾಬಾದಿನವನು, ಬಾಯಿ ಸುಮ್ಮನಿರದ ಮನುಷ್ಯ. ಅಳತೆಯ ದುರ್ಬೀನನ್ನು ಮೂರು ಕಾಲಿನ ಮೇಲೆ ಇಟ್ಟು ಮಕ್ಕಳಿಗೆ ತೋರಿಸಿದ. ಅದರಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು.

"ನೋಡು ಬೇಟಿ, ನಿಮ್ಮ ಮಾಸ್ತರ ಹ್ಯಾಂಗ ಜೋತುಬಿದ್ದಾರ ಬಾವಲಿಗತೆ!" ಎಂದ. ಅವನು ಹೀಗೆ ಮಗಳೇ ಎಂದು ಕರೆದದ್ದು ಐದನೆಯ ಇಯತ್ತೆಯ ಕಾಜಲಳನ್ನು, ಎಲ್ಲರಿಗಿಂತ ಹೆಚ್ಚು ನಕ್ಕವಳೂ ಅವಳೇ. ಮತ್ತೆ ಮತ್ತೆ ಸರದಿಯಲ್ಲಿ ಬಂದು ನೋಡಿದಳು. ಬೇಲಿಯ ಆಚೆ ನಿಂತ ಹೆಂಗಸರೂ ಇದನ್ನೆಲ್ಲ ನೋಡಿದರು.

ಕಾಜಲಳ ತಂದೆ ತುಳಜಾರಾಮ, ತಾಯಿ ಜಿಜಾಬಾಯಿ ದಸರೆಯ ಮರುದಿನವೇ ಕಬ್ಬು ಕಡಿಯಲು ಸೋಲಾಪುರದ ಕಡೆ ಹೋಗಿದ್ದರು. ಹುಡುಗಿ ಅಜ್ಜಿ ಕಸ್ತೂರಿಬಾಯಿಯ ಹತ್ತಿರ ಇದ್ದಳು. ದೀಪಾವಳಿಗೆ ಬರುತ್ತೇವೆ ಎಂದಿದ್ದ ತಾಯಿ ಬರಲಿಲ್ಲ.

ದೀಪಾವಳಿ ರಜೆ ಮುಗಿದ ವಾರ ಹೆಡ್‌ಮಾಸ್ತರರು ಗುರುಶಾಂತನ ಬೆನ್ನು ಬಿದ್ದರು. ಇನ್ಸ್‌ಪೆಕ್ಟರ್ ಬರುತ್ತಾರೆ, ನಿನ್ನ ಮಕ್ಕಳಿಗೆ ರಾಜ್ಯಗಳ ಹೆಸರೇ ಗೊತ್ತಿಲ್ಲ, ಬರೀ ಸುಣ್ಣದಲ್ಲಿ ಆಡುತ್ತೀಯಾ ಎಂದರು. ಗುರುಶಾಂತ ಸಿಟ್ಟಿನಿಂದಲೇ ಭಾರತದ ದೊಡ್ಡ ನಕ್ಷೆ ತಂದು ಗೋಡೆಗೆ ನೇತುಹಾಕಿದ. ತೋರಣವಾಡಿ ಅದರಲ್ಲಿ ಎಲ್ಲಿಂದ ಬರಬೇಕು? ಕೆಂಪು ಶಾಯಿಯಲ್ಲಿ ಒಂದು ಚುಕ್ಕೆ ಇಟ್ಟು "ನಾವು ಇಲ್ಲೇ ಅದೀವಿ" ಎಂದ. ಈ ನಕ್ಷೆಯ ಅಳತೆ ಬೇರೆ, ಇಲ್ಲಿ ಒಂದು ಬೆರಳೆಂದರೆ ಹತ್ತಾರು ಹರದಾರಿ ಎಂದು ಹೇಳಲಿಲ್ಲ. ಹೇಳಬೇಕೆಂದು ಗೊತ್ತಿತ್ತು. ಇನ್ಸ್‌ಪೆಕ್ಟರ್ ಬಂದು ಹೋಗಲಿ, ಪ್ರಮಾಣದ ಪಾಠ ಮುಂದಿನ ವಾರ ಮಾಡಿದರಾಯಿತು ಎಂದುಕೊಂಡ. ಮುಂದಿನ ವಾರ ಎಂಬುದು ಮಾಸ್ತರರ ಪಾಲಿಗೆ ಯಾವಾಗಲೂ ಇರುತ್ತದೆ. ಮಕ್ಕಳು ಇವತ್ತು ಹೇಳಿದ್ದನ್ನು ಇವತ್ತೇ ನಂಬುತ್ತವೆ.

ರಾಜ್ಯಗಳ ಹೆಸರು ಕೂಗಿಸುವಾಗ ಕಾಜಲ ಎದ್ದುಬಂದು ಕೆಂಪು ಚುಕ್ಕೆಯ ಪಕ್ಕ ಬೆರಳು ಇಟ್ಟಳು. ಇನ್ನೊಂದು ಬೆರಳು ಇಟ್ಟಳು.

"ಸರ್, ಸೋಲಾಪುರ ಎರಡೇ ಬೆರಳು ಅದಾ. ಕಲ್ಯಾಣ ಐದು ಬೆರಳು. ಮತ್ತ ನಮ್ಮವ್ವ ದೀಪಾಳಿಗಿ ಯಾಕ ಬರಲಿಲ್ಲ?"

ತರಗತಿ ನಕ್ಕಿತು. ಅಂದು ಕಲ್ಯಾಣದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ ಗುರುಶಾಂತನ ತಲೆ ಸಿಡಿಯುತ್ತಿತ್ತು. ಬಾಗಿಲಲ್ಲಿ ಹೆಡ್‌ಮಾಸ್ತರರು ನಿಂತು ನೋಡುತ್ತಿದ್ದರು.

"ಎಣ್ಣಿಗೈ ಹಚ್ಚಿ ನಕ್ಷಾ ಹೊಲಸು ಮಾಡಬ್ಯಾಡ. ನನಗೇನು ಕೇಳತಿ? ಹೋಗಿ ನಿಮ್ಮವ್ವನ್ನೇ ಕೇಳು!"

ಹುಡುಗಿ ಹೋಗಿ ಕುಳಿತಳು. ಅಷ್ಟೇ ನಡೆದದ್ದು.

ಮರುದಿನ ಕಾಜಲ ಬರಲಿಲ್ಲ. ಊಟದ ಗಂಟೆಗೆ ಮೊದಲೇ ಕಸ್ತೂರಿಬಾಯಿ ಸೆರಗು ಜಾರಿದ್ದರ ಖಬರೂ ಇಲ್ಲದೆ ಸಾಲಿಯ ಅಂಗಳಕ್ಕೆ ಬಂದಳು.

"ಮಾಸ್ತರ, ನಮ್ಮ ಹುಡುಗಿ ಸಾಲಿಗಿ ಬಂದಾಳೇನ್ರಿ? ನಸುಕಿನ್ಯಾಗ ಎದ್ದು ಎರಡು ರೊಟ್ಟಿ ಕಟಗೊಂಡು ಹೋಗ್ಯಾಳ. ಬುಟ್ಟ್ಯಾಗ ನೋಡಿದ್ರ ರೊಟ್ಟಿ ಇಲ್ಲ. ಹಬ್ಬದ ಲಂಗಾನೂ ಇಲ್ಲ."

ಗುರುಶಾಂತನ ಕೈಯ ಸೀಮೆಸುಣ್ಣ ಅಲ್ಲೇ ಮುರಿಯಿತು. ಎಲ್ಲಿ ಹೋಗಿದ್ದಾಳೆಂದು ಆ ಕ್ಷಣವೇ ತಿಳಿದುಹೋಗಿತ್ತು. ನಿನ್ನೆಯ ಮಾತು ಕೇಳಿ ನಕ್ಕವರು ಆಗಲೇ ಮರೆತಿದ್ದರು, ಊರಲ್ಲಿ ಇನ್ಯಾರಿಗೂ ಹೊಳೆಯುವಂತಿರಲಿಲ್ಲ. ಪಡುವಣಕ್ಕೆ, ಹೆದ್ದಾರಿ ಹಿಡಿದು, ಎರಡು ಹರದಾರಿ. ಲಾರಿಗಳು ಒಂದರ ಹಿಂದೊಂದು ಓಡುವ ಹೆದ್ದಾರಿ. ಒಂದು ಮೋಟರ್‌ಸೈಕಲ್ ಕಳಿಸಿದರೆ ಸಾಕು, ಸಿಗುತ್ತಾಳೆ. ಬಾಯಿ ತೆರೆದ.

ಅಷ್ಟರಲ್ಲಿ ಶ್ರೀಮಂತ ಬಂದ. ಊರ ಹುಡುಗರ ಮುಂದಾಳು, ಪಂಚಾಯತಿ ಮೆಂಬರು, ಮೀಸೆ ಮುಟ್ಟದೆ ಮಾತಾಡದ ಮನುಷ್ಯ. ಕಸ್ತೂರಿಬಾಯಿಗೆ ದೂರದ ಸಂಬಂಧಿಯೂ ಹೌದು.

"ಯಾರ ಏನ್ ಅಂದಿದ್ರು ಹುಡುಗಿಗಿ? ಯಾರ ಬೈದಿದ್ರು? ಹೇಳ್ರಿ ಮಾಸ್ತರ, ಅವನ ಹಲ್ಲ ಉದುರಸ್ತೀನಿ."

ಗುರುಶಾಂತನ ತೆರೆದ ಬಾಯಿಂದ ಬಂದದ್ದು ಬೇರೆಯೇ ಮಾತು.

"ಮೊದಲ... ಬಾವಿ ನೋಡ್ರಿ."

ಬಾವಿ ನೋಡಿದರು. ಪಾತಾಳಗರಡಿಯ ಕೊಕ್ಕೆ ಇಳಿಸಿ ಒಂದೊಂದೇ ಬಾವಿ ಜಾಲಾಡಿದರು. ಗರಡಿಗೆ ಕೊಡ ಸಿಕ್ಕಿತು, ಹಗ್ಗ ಸಿಕ್ಕಿತು, ಯಾರದೋ ಹಳೆಯ ಚಪ್ಪಲಿ ಸಿಕ್ಕಿತು. ಪ್ರತಿ ಸಲ ಗರಡಿ ಮೇಲೆ ಬಂದಾಗ ಕಸ್ತೂರಿಬಾಯಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹುಡುಗಿ ಬಾವಿಯಲ್ಲಿ ಇಲ್ಲವೆಂದು ಚೆನ್ನಾಗಿ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಹಗ್ಗದ ತುದಿ ಹಿಡಿದು ಎಳೆಯುತ್ತಿದ್ದ. ಇಂಥವನಿಗೆ ಏನು ಹೇಳಬೇಕು? ನಾಲಗೆ ಸೀಳಿದರೂ ಕಡಿಮೆಯೇ. ಈ ಬಾವಿ ಮುಗಿಯಲಿ, ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಬಾವಿ ಮುಗಿಯುತ್ತಿತ್ತು. ಶ್ರೀಮಂತನ ಮುಖ ಕಾಣುತ್ತಿತ್ತು. ಎರಡು ಹರದಾರಿ ಎಂದು ಕಲಿಸಿದವರು ಯಾರು, ಹೋಗು ಎಂದವರು ಯಾರು ಎಂದು ಆ ಮುಖ ಕೇಳಿದಂತಾಗುತ್ತಿತ್ತು.

ಕೊನೆಯ ಬಾವಿಯ ಹತ್ತಿರ ಒಬ್ಬಳು ಮುದುಕಿ ಹೇಳಿದಳು, "ಪುಲ್ ಕಟ್ಟೋರು ಬಂದಾಗಲೇ ನಾ ಅಂದಿದ್ದೆ. ನೀರಿನ ಮ್ಯಾಲ ಕಂಬ ನಿಲ್ಲಬೇಕಂದ್ರ ಬುನಾದಿಗಿ ಕೂಸಿನ ಬಲಿ ಬೇಕಾಗ್ತದ."

ಆ ಮಾತು ಆ ಸೀಮೆಯಲ್ಲಿ ಹೊಸದಲ್ಲ. ಎಲ್ಲಿ ಪುಲ್ ಎದ್ದರೂ ಏಳುತ್ತದೆ, ಕಂಬ ನಿಂತ ಮೇಲೆ ಮಲಗುತ್ತದೆ. ತಾಯಂದಿರು ನಾಲೆಯ ಕಡೆ ಮಕ್ಕಳನ್ನು ಬಿಡುವುದಿಲ್ಲ, ಅಷ್ಟೇ. ಆದರೆ ಅಂದು ಇನ್ನೊಬ್ಬಳು ಅದಕ್ಕೆ ಸೇರಿಸಿದಳು: "ಆ ಕೋಲಿನವ ಸಾಲಿಗೇ ಬಂದು ಹುಡುಗಿಗಿ ದುರ್ಬೀನ್ ತೋರ್ಸಿದ್ನಲ್ಲ! ಬೇಟಿ ಬೇಟಿ ಅಂತಿದ್ದ!"

"ಹೌದಲೇ," ಎಂದ ಶ್ರೀಮಂತ. ಮೀಸೆಯಿಂದ ಕೈ ತೆಗೆದ. "ಅಳತಿ ನೋಡಿಕೊಂಡು ಹೋಗ್ಯಾನ ಮಗ."

ಗುಂಪು ಹೊರಟಿತು. ಗುರುಶಾಂತನೂ ಹಿಂದೆ ಓಡಿದ. ಖಮರುದ್ದೀನನನ್ನು ಸಾಲಿಗೆ ಕರೆದವನು ನಾನು ಎಂದು ಹೇಳಬೇಕು, ಹೇಳಬೇಕು ಎಂದು ಓಡಿದ. ಓಡುವವನಿಗೆ ಉಸಿರು ಸಾಲದು ಎಂಬುದು ಒಂದು ನೆಪ. ತಂಬಿನ ಹತ್ತಿರ ಇಂಜಿನಿಯರು ಇರಲಿಲ್ಲ, ಉಳಿದವರು ಗುಂಪು ನೋಡಿ ನಾಲೆ ಹಾರಿದರು. ಖಮರುದ್ದೀನ್ ಮಾತ್ರ ನಿಂತ. ಊಟದ ಡಬ್ಬಿ ಬಿಚ್ಚುತ್ತಿದ್ದವನು ಎದ್ದು, "ಬರ್ರಿ ಬರ್ರಿ, ಏನಿದು ಮದುವಿ ಬರಾತ ಬಂದಂಗ ಬಂದೀರಿ!" ಎಂದು ನಕ್ಕ. ಪರಿಚಯದ ಊರು, ಹೆದರುವುದೇನು ಎಂದುಕೊಂಡಿರಬೇಕು.

ಮೊದಲ ಏಟು ಯಾರು ಹೊಡೆದರೋ. ಡಬ್ಬಿಯ ಅನ್ನ ಮಣ್ಣಿಗೆ ಚೆಲ್ಲಿತು. ಅವನದೇ ಕೆಂಪು-ಬಿಳಿ ಕೋಲು ಶ್ರೀಮಂತನ ಕೈಯಲ್ಲಿತ್ತು.

"ಎಲ್ಲಿ ಹೂತೀದಿ? ಹೇಳು! ಯಾವ ಕಂಬದ ಕೆಳಗ?"

"ಅಲ್ಲಾ ಕೀ ಕಸಂ, ನಾ ಯಾಕ ಹೂಳಲಿ! ನನಗೂ ಹೆಣ್ಣಮಕ್ಕಳು ಅದಾವ್ರಿ!" ಕೆಳಗೆ ಬಿದ್ದಿದ್ದವನು ಕಾಲುಗಳ ನಡುವಿನಿಂದ ಗುರುಶಾಂತನನ್ನು ಕಂಡ. "ಮಾಸ್ತರ್ ಸಾಬ್! ನೀವು ಹೇಳ್ರಿ! ನೀವೇ ಕರದಿದ್ರಿ ಅಲ್ಲಾ ನನಗ! ಹೇಳ್ರಿ ಇವರಿಗಿ!"

ಎಲ್ಲರೂ ತಿರುಗಿ ನೋಡಿದರು. ಬೇಕಾದದ್ದು ಒಂದು ಮಾತು. ಗುರುಶಾಂತ ಉಗುಳು ನುಂಗಿದ. ಆ ನುಂಗುವ ಹೊತ್ತಿನಲ್ಲಿ ಕೋಲು ಮೇಲೆ ಹೋಗಿ ಕೆಳಗೆ ಬಂತು. ಒಣಗಿದ ಸೋರೆಬುರುಡೆ ಬಿರಿದಂಥ ಸಪ್ಪಳ. ಖಮರುದ್ದೀನ್ ಸುಮ್ಮನಾದ. ಆ ಬಾಯಿ ಸುಮ್ಮನಾದದ್ದನ್ನು ಯಾರೂ ಅದುವರೆಗೆ ನೋಡಿರಲಿಲ್ಲ.

"ಸೋಲಾಪುರಕ್ಕ ಹೋಗ್ಯಾಳ," ಎಂದ ಗುರುಶಾಂತ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ತಾಯಿನ್ನ ನೋಡಾಕ ಹೋಗ್ಯಾಳ. ಹೆದ್ದಾರಿ ಹಿಡದು ನಡಕೋತ. ನಿನ್ನೆ ನಕ್ಷಾದಾಗ ದಾರಿ ನೋಡಾಕತ್ತಿದ್ಳು."

ನೋಡುತ್ತಿದ್ದಳು ಎಂದಷ್ಟೇ ಹೇಳಿದ. ಉಳಿದದ್ದು ಹೇಳಲಿಲ್ಲ.

ಶ್ರೀಮಂತನ ಕೈಯಿಂದ ಕೋಲು ಬಿತ್ತು. ಆಮೇಲೆ ಶ್ರೀಮಂತ, "ಗಾಡಿ ತರ್ರಿ," ಎಂದ.

ಕಲ್ಯಾಣದ ತಿರುವಾದ ಸಸ್ತಾಪುರ ಬಂಗ್ಲಾದ ಈಚೆ, ಹೊತ್ತು ಇಳಿಯುವಾಗ ಕಾಜಲ ಸಿಕ್ಕಳು. ಹಬ್ಬದ ಲಂಗ ಮೊಣಕಾಲತನಕ ಧೂಳು, ಚಪ್ಪಲಿ ಕೈಯಲ್ಲಿ. ಆದರೆ ಅವಳು ಮುಂದಕ್ಕೆ ಹೋಗುತ್ತಿರಲಿಲ್ಲ. ಇವರ ಎದುರಿಗೆ, ಊರಿನ ಕಡೆಗೇ ನಡೆದು ಬರುತ್ತಿದ್ದಳು. ಒಂದೊಂದು ಹಳ್ಳಿಯ ಕೈಮರದ ಎದುರೂ ನಿಂತು ಅಕ್ಷರ ಕೂಡಿಸಿ ಓದುತ್ತಿದ್ದಳು.

"ಸರ್," ಎಂದಳು ಗುರುಶಾಂತನನ್ನು ಕಂಡು. ಹೆದರಿಕೆಗಿಂತ ಬೇಸರವೇ ಹೆಚ್ಚಿತ್ತು. "ಕಲ್ಯಾಣದ ತಿರುವು ಬಂತ್ರಿ. ಸೋಲಾಪುರ ಹಿಂದೇ ಉಳೀತು. ನಾನೇ ನೋಡದ ದಾಟಿ ಬಂದೀನಿ. ಢಾಬಾದವ್ರು ಮುಂದ ಅದಾ, ಭಾಳ ದೂರ ಅದಾ ಅಂತ ಸುಳ್ಳ ಹೇಳಾಕತ್ತಿದ್ರು. ನಾ ನಂಬಲಿಲ್ಲ."

ಶ್ರೀಮಂತ ಅವಳನ್ನು ಎತ್ತಿ ಗಾಡಿಯ ಮೇಲೆ ಕೂರಿಸಿದ. ಗುರುಶಾಂತನ ಕಡೆ ನೋಡಿದ. ಅರ್ಥವಾಗಿತ್ತು. ಹಲ್ಲು ಉದುರಿಸಲಿಲ್ಲ. "ಹತ್ರಿ ಮಾಸ್ತರ," ಎಂದನಷ್ಟೇ.

ಖಮರುದ್ದೀನನನ್ನು ಅವನ ಹೆಂಡತಿ ಶಹಜಾದಿ ಬಾಡಿಗೆ ಜೀಪಿನಲ್ಲಿ ಹಾಕಿಕೊಂಡು ಹೈದರಾಬಾದಿಗೆ ಹೋದಳು. ಜೀವ ಉಳಿಯಿತು. ಬಲಗಡೆಯ ಕೈಕಾಲು ಹೋದವು, ಮಾತು ಹೋಯಿತು.

ಸುದ್ದಿ ಮುಟ್ಟಿ ತುಳಜಾರಾಮ, ಜಿಜಾಬಾಯಿ ಬಂದರು. ಊರವರು ಸಾಲಿಯ ಅಂಗಳದಲ್ಲಿ ಸಭೆ ಸೇರಿಸಿದರು. ನಕ್ಷೆ ಓದಿ ಹುಡುಗಿಯನ್ನು ಹುಡುಕಿ ತಂದ ಮಾಸ್ತರನಿಗೆ ಶಾಲು, ತೆಂಗಿನಕಾಯಿ. ಇದು ಶ್ರೀಮಂತನ ಏರ್ಪಾಡು. ಸಭೆಗೆ ಮೊದಲು ಗುರುಶಾಂತ ಅವನನ್ನು ಗೋಡೆಯ ಮರೆಗೆ ಕರೆದ.

"ಇದು ಬ್ಯಾಡ ಶ್ರೀಮಂತ. ನನಗ ಮಧ್ಯಾಹ್ನಕ್ಕಿಂತ ಮೊದಲೇ ಗೊತ್ತಿತ್ತು. ಎಲ್ಲರ ಮುಂದ ಹೇಳಿಬಿಡ್ತೀನಿ."

"ನಿಮಗ ಗೊತ್ತಿತ್ತು ಅಂತ ನನಗೂ ಗೊತ್ತದ," ಎಂದ ಶ್ರೀಮಂತ, ಮೆಲ್ಲಗೆ, ಮರ್ಯಾದೆಯಿಂದಲೇ. "ನೀವು ಹೇಳಿದ್ರ ನಾವೂ ಹೇಳಬೇಕಾಗ್ತದ. ಪೋಲೀಸ್ರು ಬಂದಾರ ಇವತ್ತು. ಊರಾಗಿನ ಹುಡುಗ್ರು ಜೇಲಿಗಿ ಹೋಗ್ತಾರ, ನಿಮ್ಮ ನೌಕರಿ ಹೋಗ್ತದ. ಅವನ ಕೈ ಬರ್ತದೇನು? ಶಾಲು ಹೊದಕೊಳ್ರಿ."

ಶಾಲು ಹೊದಿಸಿದರು. ಜಿಜಾಬಾಯಿ ಬಂದು ಅವನ ಕಾಲಿಗೆ ಹಣೆ ಹಚ್ಚಿದಳು. ಕಬ್ಬಿನ ಗರಿ ಕೊಯ್ದ ಗೆರೆಗಳು ಅವಳ ಕೈತುಂಬ ಇದ್ದವು. "ದೇವರು ಬಂದಂಗ ಬಂದ್ರಿ ಸರ್. ಇನ್ನ ಇಕಿನ್ನ ಇಲ್ಲಿ ಬಿಡಂಗಿಲ್ಲ. ನಮ್ಮ ಸಂಗಾಟ ಕಬ್ಬಿನ ಗದ್ದಿಗೇ ಕರಕೊಂಡು ಹೋಗ್ತೀನಿ. ಸಾಲಿ ಸಾಕು."

ಕಾಜಲ ತಾಯಿಯ ಸೆರಗು ಹಿಡಿದು ನಿಂತಿದ್ದಳು. ಗುರುಶಾಂತ ಜಾರಿದ ಶಾಲನ್ನು ಹೆಗಲಿಗೆ ಎಳೆದುಕೊಂಡ.

ಹುಮನಾಬಾದಿನ ಹವಾಲದಾರ ಹಿಂದಿನಿಂದ ಎದ್ದು ಮುಂದೆ ಬಂದ. "ಪುಲ್ ಹತ್ರ ಆ ಸಾಬ ಮ್ಯಾಲಿಂದ ಬಿದ್ದ ಅಂತಾರ. ಆಗ ನೀವೂ ಅಲ್ಲೇ ಇದ್ರಂತಲ್ಲ ಮಾಸ್ತರ. ಕಣ್ಣಾರ ನೋಡಿದ್ರೇನು?"

ಅಂಗಳದ ತುಂಬ ಜನ. ಬೇಲಿಯ ಆಚೆ, ಬುರ್ಖಾದ ಮುಖಪರದೆ ಎತ್ತಿಕೊಂಡು, ಶಹಜಾದಿ ನಿಂತಿದ್ದಳು. ಗುರುಶಾಂತ ಅವಳನ್ನು ಕಂಡ. ಅವಳೂ ಅವನನ್ನೇ ನೋಡುತ್ತಿದ್ದಳು.

"ಇಲ್ರಿ," ಎಂದ. "ನಾ ಹುಡುಗಿನ್ನ ಹುಡುಕಾಕ ಹೋಗಿದ್ದೆ. ನೋಡಲಿಲ್ಲ."

ಶ್ರೀಮಂತ ಮಕ್ಕಳಿಗೆ ಸನ್ನೆ ಮಾಡಿದ. ಮಕ್ಕಳು ಚಪ್ಪಾಳೆ ತಟ್ಟಿದರು.