ಫೋನು ಇಟ್ಟು ಸ್ಟೇರಿಂಗ್ ಹಿಡಿದದ್ದು

ಲಾರಿ ಕಂಪನಿಯ ಆಫೀಸಿನಲ್ಲಿ ಅವಳ ಕೆಲಸವೆಲ್ಲ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು: "ಎಲ್ಲಿದ್ದೀರಿ?" ತಲೆಗೂದಲು ಕಪ್ಪಗಿದ್ದಾಗ ಆ ಕುರ್ಚಿಯಲ್ಲಿ ಕೂತವಳು, ಕೂದಲಿಗೆ ಬಣ್ಣ ಹಚ್ಚಿಕೊಳ್ಳುವ ಕಾಲದವರೆಗೂ ಫೋನಿನಲ್ಲಿ ಡ್ರೈವರುಗಳನ್ನು ಅದನ್ನೇ ಕೇಳುತ್ತ ಬಂದಳು. ಅವರು ಏನೇ ಉತ್ತರ ಕೊಡಲಿ, ಎರಡನೆಯ ಪ್ರಶ್ನೆಯೂ ಸಿದ್ಧವಾಗಿರುತ್ತಿತ್ತು: "ಇನ್ನೂ ಅಲ್ಲೇ ಇದ್ದೀರಾ?" ಆಮೇಲೆ ಕಂಪನಿಯವರು ಪ್ರತಿ ಲಾರಿಗೂ ಒಂದು ಪುಟ್ಟ ಯಂತ್ರ ಕೂರಿಸಿದರು. ಲಾರಿ ಎಲ್ಲಿದೆಯೆಂದು ಅದು ಕೇಳದೆಯೇ ಹೇಳುತ್ತಿತ್ತು. ಊಟಕ್ಕೆಂದು ಎದ್ದು ಹೋಗುತ್ತಲೂ ಇರಲಿಲ್ಲ. ಬೀಳ್ಕೊಡುಗೆಯ ದಿನ ಮಾಲೀಕರು ಅವಳನ್ನು ಕಂಪನಿಯ ಬೆನ್ನೆಲುಬು ಎಂದು ಕೊಂಡಾಡಿ ಕೈಗೊಂದು ಹೂಗುಚ್ಛ ಕೊಟ್ಟರು. ಬೆನ್ನೆಲುಬು ಕಳೆದುಕೊಂಡ ಕಂಪನಿ ಮರುದಿನ ಬೆಳಿಗ್ಗೆ ಎಂದಿನಂತೆ ನೆಟ್ಟಗೆ ನಿಂತು ಬಾಗಿಲು ತೆರೆಯಿತು.

ಐವತ್ತು ದಾಟಿದ ಹೆಂಗಸು ಕೆಲಸ ಕಳೆದುಕೊಂಡರೆ ಏನು ಮಾಡಬೇಕೆಂಬುದಕ್ಕೆ ಸಲಹೆ ಕೊಡುವವರಿಗೆ ಬರವಿರಲಿಲ್ಲ. ಒಬ್ಬರು ಹೊಲಿಗೆ ಅಂದರು, ಇನ್ನೊಬ್ಬರು ಉಪ್ಪಿನಕಾಯಿ ಅಂದರು, ಎದುರುಮನೆಯಾಕೆ ಧ್ಯಾನ ಅಂದರು. ಅವಳು ಎಲ್ಲರಿಗೂ ತಲೆಯಾಡಿಸಿ, ಒಂದು ಸಂಜೆ ಊಟದ ಮೇಜಿನ ಮುಂದೆ ಲಾರಿ ಕಲಿಯುವುದಾಗಿ ಹೇಳಿದಳು.

ಗಂಡ ತಟ್ಟೆಯಿಂದ ತಲೆಯೆತ್ತಿದ. ಸರ್ವೆ ಆಫೀಸಿನಿಂದ ನಿವೃತ್ತನಾಗಿದ್ದ ಅವನು ಭೂಮಂಡಲದಲ್ಲಿ ಕಾರು ಓಡಿಸಲು ಬರುವ ಏಕೈಕ ವ್ಯಕ್ತಿ ತಾನೇ ಎಂದು ನಂಬಿದ್ದ. ಕಾರಿನ ಲೈಸೆನ್ಸ್ ಅವಳಿಗೆ ಮದುವೆಯ ಹೊಸತರಲ್ಲೇ ಸಿಕ್ಕಿತ್ತು. ಕಾರು ಮಾತ್ರ ಸಿಕ್ಕಿರಲಿಲ್ಲ.

"ಲಾರೀನಾ? ನೀನು ಸೈಕಲ್ಲನ್ನೇ ನೆಟ್ಟಗೆ ಹೊಡೆದವಳಲ್ಲ."

"ಸೈಕಲ್ಲು ಬೀಳತ್ತೆ ರೀ. ಲಾರಿಗೆ ಹತ್ತು ಚಕ್ರ ಇದೆ."

ಫಿಸಿಯೋಥೆರಪಿ ಮಾಡುವ ಮಗಳು ಬೇರೆ ದಾರಿ ಹಿಡಿದಳು. "ಅಮ್ಮ, ನಿನ್ನ ಸೊಂಟದ ಎಕ್ಸ್‌ರೇ ನಾನು ನೋಡಿದ್ದೀನಿ."

"ಒಳ್ಳೇದಾಯ್ತು. ಹಾಗಾದ್ರೆ ಲಾರಿ ಹತ್ತುವಾಗ ಯಾವ ಕಾಲು ಮೊದಲು ಇಡಬೇಕು, ನೀನೇ ಹೇಳು."

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ತಟ್ಟೆ ನೋಡಿದ. ಚರ್ಚೆ ಅಲ್ಲಿಗೆ ಮುಗಿಯಿತು.

ತರಬೇತಿ ಶಾಲೆ ಎಂಬುದು ಸಿಮೆಂಟ್ ಗೋದಾಮಿನ ಹಿಂದಿನ ಒಂದು ಬಯಲು. ಅಲ್ಲಿ ಬಣ್ಣ ಹೋದ ಒಂದು ಲಾರಿ, ಅದರ ಬೆನ್ನಿಗೆ ಉದ್ದನೆಯ ಟ್ರೈಲರ್, ಸಾಲಾಗಿ ನಿಲ್ಲಿಸಿದ ಖಾಲಿ ಡ್ರಮ್ಮುಗಳು ಇದ್ದವು. ಕಲಿಯಲು ಬಂದಿದ್ದ ಹುಡುಗರು ಅವಳನ್ನು ಯಾರದೋ ತಾಯಿ ಎಂದುಕೊಂಡು, ಬಿಸಿಲಲ್ಲಿ ಕಾಯಬೇಡಿ ಆಂಟಿ, ನೆರಳಲ್ಲಿ ಕೂತುಕೊಳ್ಳಿ ಎಂದು ಕುರ್ಚಿ ತಂದುಕೊಟ್ಟರು. ಕಲಿಸುವ ಮೇಷ್ಟ್ರು ಹಳೆಯ ಡ್ರೈವರು. ಹೊಟ್ಟೆ ಸ್ಟೇರಿಂಗಿಗೆ ತಾಗುವಷ್ಟು ಬೆಳೆದ ಮೇಲೆ ರಸ್ತೆ ಬಿಟ್ಟು ವಿದ್ಯಾದಾನಕ್ಕೆ ಇಳಿದವರು. ಅವಳು ನಮಸ್ಕಾರ ಹೇಳಿದ್ದೇ ತಡ, ಅವರ ಹುಬ್ಬು ಗಂಟಾಯಿತು.

"ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಮೇಡಂ."

ಅವಳಿಗೂ ಆ ದನಿ ಗೊತ್ತಾಗಿತ್ತು. ಮುಖ ನೋಡದೆ ವರ್ಷಾನುಗಟ್ಟಲೆ ಜಗಳವಾಡಿದ ದನಿ. "ನಿಮ್ಮ ಅಜ್ಜಿ ಹೇಗಿದ್ದಾರೆ?" ಎಂದು ಕೇಳಿದಳು.

"ಯಾವ ಅಜ್ಜಿ?"

"ನನ್ನ ಕಾಲದಲ್ಲಿ ಮೂರು ಸಲ ತೀರಿಕೊಂಡ್ರಲ್ಲ, ಅವರೇ."

ಮೇಷ್ಟ್ರು ಕಿವಿಯವರೆಗೆ ಕೆಂಪಾದರು. ಆಮೇಲೆ ಅವರ ಮುಖದ ಮೇಲೆ, ಬಹುಕಾಲದಿಂದ ಕಾದಿದ್ದ ಬಸ್ಸು ತಿರುವಿನಲ್ಲಿ ಕಂಡವರ ನಗೆ ಮೂಡಿತು. "ಹತ್ತಿ ಮೇಡಂ. ರಿವರ್ಸಿನಿಂದಲೇ ಶುರು ಮಾಡೋಣ."

"ಎರಡು ನಿಮಿಷದಲ್ಲಿ ರಿವರ್ಸ್ ತಗೊಂಡು ಒಳಗೆ ನಿಲ್ಲಿಸಿ, ಅದೇನು ಮಹಾ" ಎಂದು ಅವಳು ಡ್ರೈವರುಗಳಿಗೆ ಅದೆಷ್ಟು ಸಲ ಹೇಳಿದ್ದಳೋ. ಅದೇನು ಮಹಾ ಎಂಬುದು ಆ ಬೆಳಿಗ್ಗೆ ತಿಳಿಯಿತು. ಟ್ರೈಲರ್ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಎಡಕ್ಕೆ ತಿರುಗಿಸಬೇಕು. ತುಸು ಹೆಚ್ಚಾದರೆ ಅದು ಮುನಿಸಿಕೊಂಡ ನೆಂಟನಂತೆ ಮೈ ಮುರಿದು ಅಡ್ಡ ನಿಲ್ಲುತ್ತದೆ. ಡ್ರಮ್ಮುಗಳು ಢಣಢಣ ಉರುಳಿದವು. ಮೇಷ್ಟ್ರು ನೆರಳಲ್ಲಿ, ಅವಳಿಗೆಂದೇ ತಂದ ಕುರ್ಚಿಯಲ್ಲಿ ಕೂತು ಕೈಯನ್ನು ಕಿವಿಗೆ ಫೋನಿನಂತೆ ಹಿಡಿದು ಕೂಗಿದರು. "ಎಲ್ಲಿದ್ದೀರಿ ಮೇಡಂ? ಇನ್ನೂ ಅಲ್ಲೇ ಇದ್ದೀರಾ?"

ಹುಡುಗರು ಬಿದ್ದು ಬಿದ್ದು ನಕ್ಕರು. ಅವಳು ಹಲ್ಲು ಕಚ್ಚಿಕೊಂಡು ಇಳಿದು, ಡ್ರಮ್ಮುಗಳನ್ನು ತಾನೇ ಎತ್ತಿ ನಿಲ್ಲಿಸಿ, ಮತ್ತೆ ಹತ್ತಿದಳು.

ಮನೆಯಲ್ಲಿ ಗಂಡ ಎರಡು ಬೆಂಕಿಪೊಟ್ಟಣಗಳನ್ನು ದಾರದಿಂದ ಕಟ್ಟಿ ಮೇಜಿನ ಮೇಲೆ ರಿವರ್ಸಿನ ಸೂತ್ರ ವಿವರಿಸತೊಡಗಿದ. ಬೆಂಕಿಪೊಟ್ಟಣಗಳು ಅವನ ಮಾತನ್ನು ಚಾಚೂ ತಪ್ಪದೆ ಕೇಳಿದವು. ಅವಳೂ ಕೇಳಿದಳು, ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅವಳ ಯಾವುದೇ ಕೆಲಸಕ್ಕೆ ಇಷ್ಟು ಹೊತ್ತು ತಲೆ ಕೆಡಿಸಿಕೊಂಡದ್ದು ಅದೇ ಮೊದಲು.

ಮಳೆಗಾಲ ಮುಗಿಯುವ ಹೊತ್ತಿಗೆ ಡ್ರಮ್ಮುಗಳು ನಿಂತಲ್ಲೇ ನಿಲ್ಲತೊಡಗಿದವು. ಮೇಷ್ಟ್ರು ಅವಳನ್ನು ಹೊರಗಿನ ರಸ್ತೆಗೆ ಕರೆದೊಯ್ದರು, ಹಿಂದೆ ಮರಳಿನ ಮೂಟೆಗಳನ್ನು ಹೇರಿಸಿ. ಏರುದಾರಿಯ ನಡುವೆ ಮುಂದಿನ ವಾಹನಗಳು ಗಕ್ಕನೆ ನಿಂತವು. ಅವಳೂ ನಿಂತಳು. ಒಂದು ಹೆಜ್ಜೆ ಮುಂದೆ ಹೋಗೋಣವೆಂದು ಬ್ರೇಕು ಬಿಟ್ಟಾಗ ಲಾರಿ ಮುಂದೆ ಹೋಗುವ ಬದಲು ಹಿಂದಕ್ಕೆ ಜಾರಿತು. ಕನ್ನಡಿಯಲ್ಲಿ ಹಿಂದಿನ ವ್ಯಾನು ದೊಡ್ಡದಾಯಿತು. ಅದರ ಗಾಜಿಗೆ ಮೂಗು ಒತ್ತಿ ಕೂತಿದ್ದ ಮಗುವೂ ಕಂಡಿತು. ಕಾಲು ತಾನಾಗಿಯೇ ಬ್ರೇಕನ್ನು ಒತ್ತಿತು, ಕೈ ಹ್ಯಾಂಡ್‌ಬ್ರೇಕಿಗೆ ಹೋಯಿತು. ಅಲ್ಲಿ ಮೇಷ್ಟ್ರ ಕೈ ಆಗಲೇ ಇತ್ತು. ಲಾರಿ ನಿಂತಿತು.

ಮುಂದೆಲ್ಲೋ ಮರ ಬಿದ್ದಿತ್ತಂತೆ. ಮಧ್ಯಾಹ್ನವೆಲ್ಲ ಅಲ್ಲೇ ಕಳೆಯಿತು. ಗಂಡಸರು ಇಳಿದು ಬೇಲಿಯ ಕಡೆ ಮುಖ ಮಾಡಿ ನಿಂತು, ಹಗುರಾಗಿ ವಾಪಸು ಬಂದರು. ಅವಳು ತೊಡೆ ಬಿಗಿದು ಕೂತಳು, ಕೊನೆಗೆ ತಡೆಯಲಾರದೆ ಇಳಿದು, ದೂರದ ಒಂದು ಮನೆಯ ಬಾಗಿಲು ತಟ್ಟಿ, ಬಚ್ಚಲು ಕೇಳಿ ಹೋಗಿ ಬಂದಳು. ಬಂದು ಕೂತಾಗ ಮೇಷ್ಟ್ರು ಕಿಟಕಿಯಾಚೆ ನೋಡುತ್ತ ಹೇಳಿದರು.

"ಮೂರನೇ ಸಲ ಅಜ್ಜಿ ನಿಜವಾಗಿ ತೀರಿಕೊಂಡಿದ್ಲು ಮೇಡಂ."

ಅವಳು ಅವರತ್ತ ತಿರುಗಿದಳು. "ನಾನೇನಂದೆ?"

"ಮಾಲು ಇಳಿಸಿ ಹೋಗಿ ಅಂದ್ರಿ."

"ಇಳಿಸಿದ್ರಾ?"

"ಇಳಿಸಿ ಹೋದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊದಲೆರಡು ಸಲ ಸುಳ್ಳು ಹೇಳಿದ್ದು ನಾನೇ ತಾನೇ, ನಿಮ್ಮನ್ನ ಏನಂತ ಅನ್ನಲಿ."

ಅವಳು ಇಂಜಿನ್ ಚಾಲೂ ಮಾಡಿ ಕ್ಲಚ್ ಒತ್ತಿ ಹಿಡಿದಳು, ಮುಂದಿನ ಸಾಲು ಇನ್ನೂ ಅಲುಗಿರಲಿಲ್ಲ. ಮೇಷ್ಟ್ರು ಕೆಳಗೆ ಬಗ್ಗಿ ನೋಡಿದರು. "ಕ್ಲಚ್ ಮೇಲಿಂದ ಕಾಲು ತೆಗೀರಿ ಮೇಡಂ. ಸುಟ್ಟುಹೋಗತ್ತೆ." ಅವತ್ತಿನಿಂದ ಅವರು ಕಿವಿಗೆ ಕೈ ಹಿಡಿದು ಅಣಕಿಸುವುದನ್ನು ಬಿಟ್ಟರು, ಅವಳು ಅಜ್ಜಿಯ ಸುದ್ದಿ ಎತ್ತಲಿಲ್ಲ. ಟೀ ತಂದರೆ ಎರಡು ಲೋಟ ತರುತ್ತಿದ್ದಳು.

ಪರೀಕ್ಷೆಯ ದಿನ ಬಂದ ಇನ್‌ಸ್ಪೆಕ್ಟರ್ ಕ್ಯಾಬಿನ್ನಿನೊಳಗೆ ಇಣುಕಿ, ಅವಳನ್ನು ನೋಡಿ, "ಡ್ರೈವರ್ ಎಲ್ಲಮ್ಮ?" ಅಂದರು.

"ನಿಮ್ಮ ಜೊತೆ ಮಾತಾಡ್ತಿದ್ದಾಳೆ ಸಾರ್."

ಅವರು ಒಳಗೆ ಕೂತು ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿದರು. ಅವಳು ಎಲ್ಲವನ್ನೂ ಸರಿಯಾಗಿ ಮಾಡಿ, ಕೊನೆಯಲ್ಲಿ ಖುಷಿಯ ಭರದಲ್ಲಿ ಇನ್‌ಸ್ಪೆಕ್ಟರರ ಸ್ವಂತ ಮೋಟರ್‌ಬೈಕಿಗೆ ಬಂಪರ್ ತಾಗಿಸಿದಳು. ನಿಯಮದ ಪ್ರಕಾರ ಅದು ಫೇಲಾಗಲು ಸಾಕಾಗುವಷ್ಟು ದೊಡ್ಡ ತಪ್ಪು. ಬೈಕು ಬೇರೆಯವರದಾಗಿದ್ದರೂ ಹಾಗೆಯೇ ಬರೆಯುತ್ತಿದ್ದೆ ಎಂದು ಅವರು ಒತ್ತಿ ಒತ್ತಿ ಹೇಳಿದರು. ಮುಂದಿನ ಸಲ ಬರುವಾಗ ಅವರು ನಡೆದೇ ಬಂದರು. ಅವಳು ಪಾಸಾದಳು.

ಹಿಟ್ಟಿನ ಗಿರಣಿಯವರಿಗೆ ಡ್ರೈವರುಗಳು ಸಿಗುತ್ತಿರಲಿಲ್ಲ. ವಯಸ್ಸು, ಸೊಂಟ, ಸಂಸಾರ ಯಾವುದನ್ನೂ ಕೇಳದೆ ಕೀಲಿಕೈ ಕೊಟ್ಟರು. ಗಂಡ ಬೀದಿಯವರಿಗೆಲ್ಲ ತಾನೇ ಕಲಿಸಿದೆನೆಂದು ಹೇಳಿಕೊಂಡು ತಿರುಗಿದ. ಅವಳು ಅದನ್ನು ತಿದ್ದಲಿಲ್ಲ; ಊರು ಬಿಟ್ಟು ಹೋಗುವವಳಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಮೊದಲ ಬಾರಿ ಒಬ್ಬಳೇ ಹೋದ ಬೆಳಿಗ್ಗೆ ಬಿಸಿಲು ಎಳೆಯದಾಗಿತ್ತು. ಕ್ಯಾಬಿನ್ನಿನ ಎತ್ತರದಿಂದ ಜನರ ಕಾಂಪೌಂಡ್ ಗೋಡೆಗಳಾಚೆ ಎಲ್ಲ ಕಾಣುತ್ತಿತ್ತು: ಒಣಹಾಕಿದ ಬಟ್ಟೆ, ಬಕೆಟ್ಟಿನಲ್ಲಿ ನಾಯಿಗೆ ಸ್ನಾನ ಮಾಡಿಸುತ್ತಿದ್ದ ಮುದುಕ. ಗಂಟೆಗಟ್ಟಲೆ ಓಡಿಸಿದ ಮೇಲೆ ಒಂದು ಕೂಡುರಸ್ತೆಯ ಫಲಕ ಕಣ್ಣಿಗೆ ಬಿತ್ತು. ಆ ಹೆಸರನ್ನು ಅವಳು ಫೋನಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಳು. ಡ್ರೈವರುಗಳು ಹೊರಡಲು ಒಲ್ಲದೆ ನಿಂತುಬಿಡುತ್ತಿದ್ದ ಜಾಗ. ಅಲ್ಲೇನೋ ಸ್ವರ್ಗವಿರಬೇಕು ಎಂದುಕೊಂಡಿದ್ದಳು. ಲಾರಿ ಪಕ್ಕಕ್ಕೆ ಹಾಕಿ ಇಳಿದು ನೋಡಿದರೆ ಒಂದು ಪೆಟ್ರೋಲ್ ಬಂಕು, ಟೈರಿಗೆ ತೇಪೆ ಹಾಕುವ ಅಂಗಡಿ, ಟೀ ಅಂಗಡಿಯ ಮುಂದೆ ಕಾಲು ಮುರಿದ ಬೆಂಚು. ಅಲ್ಲಿನ ಟೀ, ಪಾತ್ರೆ ತೊಳೆದ ನೀರಿನಂತಿತ್ತು.

ಅವಳು ಬೆಂಚಿನ ಗಟ್ಟಿಯಾಗಿದ್ದ ತುದಿಯಲ್ಲಿ ಕೂತು, ಕಾಲು ಚಾಚಿ, ಇನ್ನೊಂದು ಲೋಟ ಹೇಳಿದಳು.