ಹದಿನೇಳನೇ ಸುಳಿಯ ಜೀವಿತ ಪ್ರಮಾಣಪತ್ರ

ಹಿಂದೂಪುರದಿಂದ ಸಮುದ್ರ ಎಷ್ಟು ದೂರ ಎಂದು ನನ್ನನ್ನು ಕೇಳಬೇಡಿ. ಸಮುದ್ರದ ಸುಳಿಗಳ ದಾಖಲೆ ಇಡುವ ಕಚೇರಿ ಇರುವುದು ಇಲ್ಲೇ. ಇಲ್ಲೊಂದು ಕಟ್ಟಡ ಖಾಲಿ ಬಿದ್ದಿತ್ತಂತೆ, ಅದಕ್ಕೆ. ಮುಂಗಾರಿನ ಗಾಳಿಗೆ ಬಂಗಾಳ ಕೊಲ್ಲಿಯಲ್ಲಿ ಸುಳಿಗಳು ಹುಟ್ಟುತ್ತವೆ, ಒಂದೊಂದೂ ಜಿಲ್ಲೆಯಷ್ಟು ಅಗಲ. ಹಿಂಗಾರಿಗೆ ಗಾಳಿ ದಿಕ್ಕು ಬದಲಿಸಿದಾಗ ಸಡಿಲಗೊಂಡು ಕರಗುತ್ತವೆ. ಕರಗದೆ ಉಳಿದವಕ್ಕೆ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಬರೆಯಬೇಕು. ಬರೆಯುವ ಗುಮಾಸ್ತ ನಾನು, ಜಯಚಂದ್ರ. ಈ ಸಲ ಉಳಿದದ್ದು ಹದಿನೇಳನೇ ನಂಬರಿನದು ಒಂದೇ, ಅದು ಬದುಕಿದೆ ಎಂದು ಹೆಬ್ಬೆಟ್ಟೊತ್ತುವ ಸಾಕ್ಷಿ ಸಿಕ್ಕಿರಲಿಲ್ಲ.

ಆಗ ಕಲ್ಯಾಣದುರ್ಗದಿಂದ ಪೋಲಮ್ಮ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಕೈಯಲ್ಲಿ ಬಟ್ಟೆಯ ಚೀಲ.

“ನಾನು ಸತ್ತೋಗಿದೀನಿ ಅಂತ ಕಂಪ್ಯೂಟರ್‌ನಾಗೆ ಬರ್ದವ್ರೆ ಕಣಪ್ಪ. ಪಿಂಚಣಿ ನಿಂತೋಗೈತೆ. ಬದುಕವ್ಳೆ ಅಂತ ಬರ್ಕೊಡೋ ಆಫೀಸು ಇದೇ ಅಂದ್ರು.”

ನಮ್ಮ ಅಧಿಕಾರಿ ಮುರಳಿಕೃಷ್ಣ ಅವಳ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇದು ಸುಳಿಗಳಿಗೆ ಮಾತ್ರ ಅವ್ವಾ. ಮನುಷ್ಯರಿಗೆ ಕಾಲಂ ಇಲ್ಲ.”

ಅವಳು ಜಗಳಕ್ಕೆ ನಿಲ್ಲಲಿಲ್ಲ. ಬೆಂಚಿನ ಮೇಲೆ ಕೂತು, ನನ್ನ ಪರದೆಯಲ್ಲಿ ಸುತ್ತುತ್ತಿದ್ದ ಹದಿನೇಳನ್ನು ನೋಡಿದಳು. “ಗಾಳಿ ತಿರುಗಿ ತಿಂಗಳಾಯ್ತು. ಇದಿನ್ನೂ ಸುತ್ತುತಾ ಐತಲ್ಲ.”

“ಯಾಕೆ ಅಂತ ನೀನೇ ಹೇಳವ್ವ” ಎಂದೆ, ತಮಾಷೆಗೆ.

“ರಾಗಿ ತೂರೋವಾಗ ನೋಡಿಲ್ವಾ? ಒಂದ್ ಪಕ್ಕ ಗಾಳಿ ಜೋರು, ಇನ್ನೊಂದ್ ಪಕ್ಕ ಸಪ್ಪಗಿದ್ರೆ ಹೊಟ್ಟು ಸುತ್ಕೊಂತೈತೆ. ಗಾಳಿ ಬಿಟ್ಮೇಲೂ ಒಂದ್ ಗಳಿಗೆ ಸುತ್ತುತೈತೆ. ಬದುಕೈತೆ ಬಿಡು ಇದು.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮುರಳಿಕೃಷ್ಣ ಹದಿನೇಳರ ಪತ್ರದಲ್ಲಿ ಸಾಕ್ಷಿಯ ಜಾಗಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿ ಮೊಹರು ಹಾಕಿಯೇಬಿಟ್ಟರು. ಸತ್ತವಳ ಸಾಕ್ಷಿ ನಡೆಯುತ್ತದೆಯೇ ಸಾರ್ ಎಂದು ಕೇಳಿದೆ. ನಮ್ಮ ಕಂಪ್ಯೂಟರಿನಲ್ಲಿ ಸತ್ತಿಲ್ಲವಲ್ಲ ಎಂದರು.

“ಹಂಗಾದ್ರೆ ನಂದು?” ಎಂದಳು ಪೋಲಮ್ಮ.

“ಹೇಳಿದ್ನಲ್ಲ ಅವ್ವಾ, ಕಾಲಂ ಇಲ್ಲ.”

ಶಾಯಿ ಒಣಗುವ ಮೊದಲೇ ಉಪಗ್ರಹದ ಹೊಸ ಚಿತ್ರ ಬಂತು. ಈಶಾನ್ಯದ ಗಾಳಿ ಬಲವಾಗಿ ಬೀಸಿತ್ತು. ಹದಿನೇಳು ಇದ್ದ ಕಡೆ ಬರೀ ನೀರು. ಪತ್ರ ಒಂದು ವರ್ಷ ಊರ್ಜಿತ, ಅಲ್ಲಿಯವರೆಗೆ ಅದು ಸಾಯುವ ಹಾಗಿಲ್ಲ ಎಂದು ಹೇಳಿ ಮುರಳಿಕೃಷ್ಣ ಊಟಕ್ಕೆ ಹೋದರು. ನನಗೆ ಮೈ ಉರಿಯಿತು. ಎದುರಿಗೆ ಕೂತವಳ ಮುಖ ನೋಡಲು ನಾಚಿಕೆಯೂ ಆಯಿತು.

“ಅದು ಹೋಯ್ತಲ್ಲಪ್ಪ” ಎಂದಳು ಪೋಲಮ್ಮ. “ಆ ಕಾಗ್ದ ಸುಮ್ನೆ ಯಾಕೆ ದಂಡ? ನಂಗೆ ಕೊಡು.”

ಕೊಟ್ಟೆ. ಕೊಟ್ಟು, ಅವಳ ಜೊತೆಗೇ ಬಸ್ಸು ಹತ್ತಿದೆ.

ಕಲ್ಯಾಣದುರ್ಗದ ಪಿಂಚಣಿ ಕೌಂಟರಿನವನು ಮೊಹರನ್ನು ಕಂಡು ಮರ್ಯಾದೆಯಿಂದಲೇ ಓದತೊಡಗಿದ. ಹೆಸರು, ಹದಿನೇಳು. ಹುಟ್ಟಿದ ಸ್ಥಳ, ಬಂಗಾಳ ಕೊಲ್ಲಿ. ಅಗಲ, ಇನ್ನೂರು ಕಿಲೋಮೀಟರು. ಅಲ್ಲಿ ನಿಲ್ಲಿಸಿ ಅವಳನ್ನೊಮ್ಮೆ ನೋಡಿದ, ಮತ್ತೆ ಮುಂದಿನ ಸಾಲಿಗೆ ಹೋದ.

“ಗುರುತು, ಎಡಕ್ಕೆ ತಿರುಗುವುದು ಅಂತೈತೆ. ಎಲ್ಲಿ, ತಿರುಗವ್ವ ನೋಡಾನ.”

ಪೋಲಮ್ಮ ಚೀಲವನ್ನು ನನ್ನ ಕೈಗೆ ಕೊಟ್ಟಳು. ಸೆರಗು ಸಿಕ್ಕಿಸಿಕೊಂಡು, ಸಾಲಿನಲ್ಲಿದ್ದವರೆಲ್ಲ ನೋಡುತ್ತಿರುವಾಗ, ಮಂಡಿ ನೋವಿಗೆ ಗೋಡೆ ಹಿಡಿದು ಎಡಕ್ಕೆ ಒಂದು ಸುತ್ತು ತಿರುಗಿದಳು.

“ಸಾಕೇನಪ್ಪ?”

ಅವನು ಏನೋ ಒತ್ತಿ ಪರದೆ ನೋಡಿದ. “ಸರೇ, ಬದುಕಿದೀಯವ್ವ. ಗಾಳಿ ತಿರುಗಿದಾಗೆಲ್ಲ ಬಂದು ಹಿಂಗೇ ತೋರಿಸ್ಬೇಕು. ಇಲ್ದಿದ್ರೆ ಸತ್ತೋದ್ಲು ಅಂತ ಬರ್ಕೊಂತೀವಿ.”