ಕೊನೆಯ ಮಾತು ಆಡುವ ಹಾಗಿಲ್ಲ

ನಮ್ಮ ನಾಟಕದವರು ತಾಲೀಮಿನಲ್ಲಿ ಕೊನೆಯ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ನಾಟಕ ಮುಳುಗುತ್ತದಂತೆ. ಅದು ಮೊದಲ ಪ್ರದರ್ಶನದಲ್ಲಿ ಜನರೆದುರಿಗೇ ಹೊರಬರಬೇಕು. ಇಪ್ಪತ್ತಾರು ವರ್ಷ ರಂಗದ ಪಕ್ಕದ ವಿಂಗಿನ ಮರೆಯಲ್ಲಿ ಕೂತು, ಮಾತು ಮರೆತವರಿಗೆ ಪ್ರಾಂಪ್ಟ್ ಮಾಡಿಕೊಂಡು ಬಂದ ನಾನು ಈ ನಂಬಿಕೆಯನ್ನು ಕಂಡು ನಗುತ್ತಿದ್ದೆ. ಕ್ಲಿಫರ್ಡ್ ಹೆಬ್ಡೆನ್ ಬಂದ ಮೇಲೆ ಆ ನಗು ನಿಂತಿತು.

ಕ್ಲಿಫ್ ಹತ್ತೊಂಬತ್ತು ವರ್ಷ ಟೀವಿಯಲ್ಲಿ ಪೊಲೀಸ್ ಸಾರ್ಜೆಂಟ್ ಆಗಿದ್ದವನು. ಮೀನು-ಚಿಪ್ಸ್ ಅಂಗಡಿಯವರು ಈಗಲೂ, "ಸಾರ್ಜೆಂಟ್, ವಿನೆಗರ್ ಇನ್ನೊಂಚೂರು ಹಾಕ್ಲಾ?" ಎನ್ನುತ್ತಾರೆ. ಧಾರಾವಾಹಿ ಮುಗಿದ ಮೇಲೆ ಯಾರೂ ಕರೆಯಲಿಲ್ಲ. ಎಪ್ಪತ್ತೊಂದನೇ ವಯಸ್ಸಿನಲ್ಲಿ, ಹುಡುಗನಾಗಿದ್ದಾಗ ಬಣ್ಣ ಹಚ್ಚಿದ ನಮ್ಮ ಕಡಲತೀರದ ರಂಗಮಂದಿರಕ್ಕೇ ವಾಪಸು ಬಂದ, ಮುದಿ ತಂದೆಯ ಮುಖ್ಯ ಪಾತ್ರಕ್ಕೆ.

ತಾಲೀಮಿನಲ್ಲಿ ಮೊದಲು ಒಂದೆರಡು ಮಾತು ಮರೆತ, ಆಮೇಲೆ ಪುಟಕ್ಕೊಂದು. ಆಗಷ್ಟೇ ಕುಡಿದು ಖಾಲಿ ಮಾಡಿದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ, "ಚಹಾ ಬಂತಾ?" ಎಂದು ಕೇಳಿದ್ದೂ ಉಂಟು. ನನಗೆ ಸಂಕಟವಾಗುತ್ತಿತ್ತು, ಆದರೂ ಯಾರಿಗೂ ಹೇಳಲಿಲ್ಲ. ನಿರ್ದೇಶಕಿ ಇಮೊಜೆನ್‌ಗೂ ಕಣ್ಣಿತ್ತು. ಮೊದಲ ಪ್ರದರ್ಶನದ ಬೆಳಿಗ್ಗೆ ಕ್ಲಿಫ್‌ನನ್ನೂ ನನ್ನನ್ನೂ ಕರೆದು, ನನ್ನತ್ತ ಬೆರಳು ತೋರಿಸಿದಳು.

"ಇವತ್ತು ಮಧ್ಯಾಹ್ನ ಡಿಲಿಸ್ ಒಂದೇ ಒಂದ್ ಸಲ ಬಾಯಿ ತೆಗೆದ್ರೂ ನಾಳೆಯಿಂದ ಪಾತ್ರ ಬದಲಿ ನಟ ರಾಯ್‌ಸ್ಟನ್‌ಗೆ. ಬೇಜಾರ್ ಮಾಡ್ಕೋಬೇಡಿ ಕ್ಲಿಫ್."

"ರಾಯ್‌ಸ್ಟನ್‌ಗಾ? ನನ್ನ ಕೋಟು ಅವನ ಹೊಟ್ಟೆ ದಾಟಲ್ಲ ಕಣಮ್ಮ," ಎಂದ ಕ್ಲಿಫ್.

ಹೊರಗೆ ಬಂದವನು ನನ್ನ ಮೊಣಕೈ ಹಿಡಿದುಕೊಂಡ. "ಡಿಲಿಸ್, ಇದೂ ಹೋದ್ರೆ ನಂಗೆ ಇನ್ನೇನೂ ಇಲ್ಲ ಕಣೆ. ಏನಾದ್ರೂ ಆಗ್ಲಿ, ನೀನು ಮಾತ್ರ ಬಾಯಿ ತೆಗೀಬೇಡ."

ಎರಡೂವರೆಗೆ ಪರದೆ ಎದ್ದಿತು. ಮೊದಲ ಅಂಕ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಒಂದು ಸಾಲು ಹಾರಿಸಿದ, ಮಗಳ ಪಾತ್ರದವಳು ಹೇಗೋ ಸಂಭಾಳಿಸಿದಳು. ಕೊನೆಯ ದೃಶ್ಯದಲ್ಲಿ ಮಗಳು ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದಳು, ಮುದಿ ತಂದೆ ಬಾಗಿಲ ಬಳಿ ಒಬ್ಬನೇ ಉಳಿದ. ಇನ್ನಿದ್ದದ್ದು ಒಂದೇ ಮಾತು. ಅದನ್ನು ಅವನ ಬಾಯಿಂದ ನಾವ್ಯಾರೂ ಒಮ್ಮೆಯೂ ಕೇಳಿರಲಿಲ್ಲ. ಅದು ಅವನಿಗೆ ಗೊತ್ತಿದೆಯೋ ಇಲ್ಲವೋ ತಿಳಿಯಲು ದಾರಿಯೇ ಇರಲಿಲ್ಲ.

ಕ್ಲಿಫ್ ಸುಮ್ಮನೆ ನಿಂತ. ನಾನು ಎಣಿಸತೊಡಗಿದೆ. ಐದು. ಎಂಟು. ಸಭೆಯಲ್ಲಿ ಯಾರೋ ಕೆಮ್ಮಿದರು. ನಾನು ಹೇಳಿಕೊಟ್ಟರೆ ನಾಳೆಯಿಂದ ಅವನಿಲ್ಲ, ಸುಮ್ಮನಿದ್ದರೆ ಈಗಲೇ ಎಲ್ಲರೆದುರು ಮರ್ಯಾದೆ ಹೋಗುತ್ತದೆ. ಹನ್ನೊಂದು. ತಡೆಯಲಾರದೆ ಬಾಯಿ ತೆರೆದೆ.

"ಬಾಗಿಲು ಹಾಕಲ್ಲ," ಎಂದ ಕ್ಲಿಫ್ ಅಷ್ಟರಲ್ಲಿ, ಮೆಲ್ಲಗೆ. "ಚಳಿ ಬಂದ್ರೆ ಬರ್ಲಿ."

ಒಂದಕ್ಷರ ತಪ್ಪಿರಲಿಲ್ಲ. ಪರದೆ ಬಿತ್ತು. ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ನಾಚಿಕೆ ಬಿಟ್ಟು ಅತ್ತೆ. ಇಮೊಜೆನ್ ಓಡಿಬಂದು ಅವನ ಕೆನ್ನೆಗೆ ಮುತ್ತಿಟ್ಟಳು.

"ಆ ಮೌನ ಇದ್ಯಲ್ಲ ಕ್ಲಿಫ್, ನನ್ನ ಉಸಿರೇ ನಿಂತೋಯ್ತು. ಪಾತ್ರ ನಿಮ್ದೇ. ನಾಟಕ ಲಂಡನ್‌ಗೆ ಹೋದ್ರೂ ನೀವೇ."

ಹೇಳಿದವಳೇ ಉಳಿದ ನಟರನ್ನು ಕೊನೆಯ ವಂದನೆಗೆ ಸಾಲಾಗಿ ನಿಲ್ಲಿಸಲು ಓಡಿದಳು. ಕ್ಲಿಫ್ ಅಲುಗಾಡಲಿಲ್ಲ. ಬಾಗಿಲ ಬಳಿ ನಿಂತಲ್ಲೇ ನನ್ನತ್ತ ವಾಲಿದ. ಮುಖ ಬೆವತಿತ್ತು. ಅಷ್ಟು ಹೆದರಿದವನನ್ನು ನಾನು ಎಂದೂ ನೋಡಿರಲಿಲ್ಲ.

"ಡಿಲಿಸ್," ಎಂದು ಪಿಸುಗುಟ್ಟಿದ. "ಮುಂದಿನ ಮಾತು ಏನೇ?"

ಪರದೆ ಮತ್ತೆ ಏಳುತ್ತಿತ್ತು. ಬೆನ್ನ ಮೇಲೆ ಕೈಯಿಟ್ಟು ಅವನನ್ನು ಬೆಳಕಿನ ಕಡೆ ತಿರುಗಿಸಿದೆ.

"ಮಾತೆಲ್ಲ ಮುಗೀತು ಕ್ಲಿಫ್. ಈಗ ಬಗ್ಗಿ ನಮಸ್ಕಾರ ಮಾಡು, ಅಷ್ಟೆ."

ಆ ದಿನ ನಾನು ಮಾಡಿದ ಪ್ರಾಂಪ್ಟ್ ಅದೊಂದೇ.